ಚಪ್ಪಲಿಯೊಳಗಿನ ಕಲ್ಲು

ಮೊನ್ನೆ ಮಧ್ಯಾಹ್ನ ಊಟಕ್ಕೆ ಹೊರಟವನು ಅಂಗಡಿಯ ಶಟರ್ ಎಳೆಯುವಾಗ ಎಡಗೈ ತೋರುಬೆರಳನ್ನು ಅದರ ಪಟ್ಟಿಗಳ ನಡುವೆ ಸಿಕ್ಕಿಸಿಕೊಂಡೆ. ಅರಕಲಗೂಡಿನಲ್ಲಿ ನನ್ನ ಮೆಡಿಕಲ್ ಸ್ಟೋರ್ ಶುರುವಾದ ದಿನದಿಂದ ನಾನೇ ಎಳೆದು ನಾನೇ ಎತ್ತುವ ಶಟರ್ ಅದು. ಅದಕ್ಕೂ ನನಗೂ ಈವರೆಗೆ ಯಾವ ಮನಸ್ತಾಪವೂ ಇರಲಿಲ್ಲ. ಬೆರಳು ಜಜ್ಜಿದರೆ ಜನ ಅಯ್ಯೋ ಅನ್ನುತ್ತಾರೆ, ಅಮ್ಮಾ ಅನ್ನುತ್ತಾರೆ, ಸ್ವಲ್ಪ ಬಾಯಿ ಜೋರಿದ್ದವರು ಶಟರ್ ಮಾಡಿದವನ ಮನೆತನವನ್ನು ವಿಚಾರಿಸಿಕೊಳ್ಳುತ್ತಾರೆ. ನನ್ನ ಬಾಯಿಂದ ಬಂದದ್ದು ‘ಒಪ್ಪಿಸಿದೆ’ ಎಂಬ ಮಾತು.

ಹೆಂಡತಿಯ ಮಂಡಿನೋವಿಗೆ ಮಾತ್ರೆ ಒಯ್ಯಲು ಬಂದಿದ್ದ ಮಲ್ಲಿಪಟ್ಟಣದ ನಿಂಗೇಗೌಡರು ಪಕ್ಕದಲ್ಲೇ ನಿಂತಿದ್ದರು. ನನ್ನ ಬೆರಳನ್ನು ನೋಡಿದರು, ಮುಖವನ್ನು ನೋಡಿದರು, ಆಮೇಲೆ ನಾನು ಯಾರೊಡನೆ ಮಾತಾಡಿದೆನೋ ಎಂದು ಹಿಂದೆ ತಿರುಗಿಯೂ ನೋಡಿದರು.

“ಯಾರಿಗ್ ಒಪ್ಪುಸುದ್ರಿ ಸಾ?” ಎಂದು ಕೇಳಿದರು.

ಅರ್ಧ ಇಳಿದ ಶಟರಿನ ಕೆಳಗೆ ಬಗ್ಗಿ ಒಳಗೆ ಹೋಗಿ, ಒಂದೇ ಕೈಯಲ್ಲಿ ಅವರ ಮಾತ್ರೆ ಕಟ್ಟಿಕೊಟ್ಟು ಕಳಿಸಿದೆ. ಅವರು ಸ್ಕೂಟರ್ ಹತ್ತಿ ಹೋದರು, ಪ್ರಶ್ನೆಯನ್ನು ಇಲ್ಲೇ ಬಿಟ್ಟು ಹೋದರು. ಊಟಕ್ಕೂ ಹೋಗದೆ, ಮಿಡಿಯುತ್ತಿದ್ದ ಬೆರಳನ್ನು ಹಿಡಿದುಕೊಂಡು ಸ್ಟೂಲಿನ ಮೇಲೆ ಕುಳಿತವನಿಗೆ ಅವ್ವ ನೆನಪಾದಳು. ಈ ಮಾತು ಅವಳದು.

ನಮ್ಮಂಥ ಕಥೋಲಿಕ ಕ್ರೈಸ್ತರ ಮನೆಗಳಲ್ಲಿ, ಅದರಲ್ಲೂ ಹಳೆಯ ಕಾಲದವರಲ್ಲಿ, ಇದೊಂದು ರೂಢಿ. ಮೈಗೆ ನೋವಾಗಲಿ ಮನಸ್ಸಿಗೆ ನೋವಾಗಲಿ, ಅದನ್ನು ದೇವರಿಗೆ ಒಪ್ಪಿಸಬೇಕು. ಒಪ್ಪಿಸಿ, ಇದರ ಫಲ ಇಂಥವರಿಗೆ ಹೋಗಲಿ ಎಂದು ಕೇಳಿಕೊಳ್ಳಬೇಕು. ಪ್ರಭು ನಮಗಾಗಿ ಶಿಲುಬೆಯ ಮೇಲೆ ನೋವುಂಡ. ನಮ್ಮ ಪುಡಿನೋವುಗಳನ್ನೂ ಅದರ ಜೊತೆ ಸೇರಿಸಿದರೆ ಅವು ವ್ಯರ್ಥವಾಗುವುದಿಲ್ಲ, ಎಲ್ಲೋ ಯಾರಿಗೋ ಒಳ್ಳೆಯದಾಗುತ್ತದೆ ಎಂಬ ನಂಬಿಕೆ. ಓದಿದವರು ಇದನ್ನು ಹೇಗೆ ವಿವರಿಸುತ್ತಾರೋ ನನಗೆ ತಿಳಿಯದು. ನಮ್ಮವ್ವ ಲೂರ್ದಮ್ಮನಿಗೆ ಮಾತ್ರ ಇದು ಅಡುಗೆಮನೆಯ ವಿಚಾರದಷ್ಟೇ ಸರಳವಾಗಿತ್ತು. ರಾತ್ರಿ ಉಳಿದ ಮುದ್ದೆಯನ್ನು ಬೆಳಿಗ್ಗೆ ಮಜ್ಜಿಗೆಗೆ ಕಿವುಚಿ ಕುಡಿಸುತ್ತಿದ್ದ ಹೆಂಗಸು ಆಕೆ. ನೋವನ್ನು ದಂಡ ಮಾಡುತ್ತಾಳೆಯೇ? ಬಾಣಲೆ ತಗುಲಿ ಕೈ ಸುಟ್ಟರೆ ಒಪ್ಪಿಸು. ಮೇಷ್ಟರು ಹೊಡೆದರೆ ಒಪ್ಪಿಸು. ಹಲ್ಲುನೋವು ಬಂದರಂತೂ ಹಬ್ಬ, ಇಡೀ ದಿನ ಒಪ್ಪಿಸುತ್ತಲೇ ಇರಬಹುದು.

ಅವ್ವ ಹೊಳೆನರಸೀಪುರದಲ್ಲಿ ಕಾನ್ವೆಂಟಿನ ಸಿಸ್ಟರುಗಳು ನಡೆಸುತ್ತಿದ್ದ ಒಂದು ಸಣ್ಣ ಆಸ್ಪತ್ರೆಯಲ್ಲಿ ಆಯಾ ಆಗಿದ್ದಳು. ಅಪ್ಪ ಗಾರೆ ಕೆಲಸದವನು, ನಾನು ಕೂಸಾಗಿದ್ದಾಗಲೇ ತೀರಿಕೊಂಡಿದ್ದ. ಆಸ್ಪತ್ರೆಯ ಹಿಂದಿನ ಒಂದು ಕೋಣೆಯಲ್ಲಿ ಅವ್ವ, ನಾನು, ಅಪ್ಪನ ಅಪ್ಪನಾದ ನನ್ನ ತಾತ ಮೂವರೂ ಇದ್ದೆವು. ಹೆರಿಗೆ ಕೋಣೆಯ ಕಿಟಕಿ ನಮ್ಮ ಬಾಗಿಲಿನ ಕಡೆಗೇ ಇತ್ತು. ನಾನು ಮಗ್ಗಿ ಬಾಯಿಪಾಠ ಮಾಡಿದ್ದೆಲ್ಲ ಹೆಂಗಸರ ಕೂಗಿನ ನಡುವೆಯೇ. ಯಾರಾದರೂ ನರ್ಸಮ್ಮ ಸುಮ್ಮನಿರು ಎಂದು ಗದರಿದರೆ ಅವ್ವ ಅಡ್ಡ ಬರುತ್ತಿದ್ದಳು. “ಕಿರುಚವ್ವ, ಕಿರುಚು. ಯಾರೂ ಏನೂ ಅನ್ಕಳಲ್ಲ” ಎನ್ನುವ ಅವಳ ದನಿ ಕಿಟಕಿಯಿಂದ ಕೇಳುತ್ತಿತ್ತು. ಮಂದಿಯ ಹೆಣ್ಣುಮಕ್ಕಳಿಗೆ ಕಿರುಚು, ತನ್ನ ಮಗನಿಗೆ ಒಪ್ಪಿಸು. ಈ ಪಕ್ಷಪಾತ ನನಗೆ ಆಗಲೇ ಗೊತ್ತಾಗಿತ್ತು. ಕೇಳುವ ಧೈರ್ಯ ಇರಲಿಲ್ಲ.

ನಾನು ಮೂರನೆಯ ತರಗತಿಯಲ್ಲಿದ್ದಾಗ ತಾತ ಸತ್ತ. ಸತ್ತವರ ಆತ್ಮಗಳು ಪಾಪ ತೊಳೆದುಹೋಗುವ ತನಕ ಕಾಯುವ ಜಾಗವೊಂದಿದೆ, ನಾವು ನಮ್ಮ ನೋವನ್ನು ಒಪ್ಪಿಸಿದರೆ ಅವರು ಅಲ್ಲಿಂದ ಬೇಗ ಬಿಡುಗಡೆಯಾಗಿ ಮೋಕ್ಷಕ್ಕೆ ಹೋಗುತ್ತಾರೆ ಎಂದು ಜ್ಞಾನೋಪದೇಶದ ಸಿಸ್ಟರು ಹೇಳಿಕೊಟ್ಟಿದ್ದರು. ಕಾಯುವ ಜಾಗ ಎಂದರೆ ನನಗೆ ಗೊತ್ತಿದ್ದದ್ದು ಹೊಳೆನರಸೀಪುರದ ಬಸ್ ಸ್ಟ್ಯಾಂಡು. ತಾತ ಅಲ್ಲಿ ಕೊಡೆ ಹಿಡಿದು ನಿಂತಿದ್ದಾನೆ, ಬರುವ ಬಸ್ಸೆಲ್ಲ ಭರ್ತಿಯಾಗಿವೆ, ಕಂಡಕ್ಟರು ಇವನನ್ನು ಹತ್ತಿಸಿಕೊಳ್ಳುತ್ತಿಲ್ಲ. ತಾತ ಬೀಡಿ ಸೇದುತ್ತಿದ್ದ, ಇಸ್ಪೀಟು ಆಡುತ್ತಿದ್ದ, ಚರ್ಚಿನ ಪೂಜೆಗೆ ಹೋಗೆಂದರೆ ಮೈ ಸರಿಯಿಲ್ಲ ಎನ್ನುತ್ತಿದ್ದ. ನನ್ನ ಒಂದೆರಡು ಹಲ್ಲುನೋವಿನಿಂದ ಸೀಟು ಸಿಗುವ ಗಿರಾಕಿ ಅಲ್ಲ ಅವನು ಎಂದು ನನಗೆ ಖಾತ್ರಿಯಾಯಿತು. ಒಂದು ಚೂಪು ಜಲ್ಲಿಕಲ್ಲನ್ನು ಆರಿಸಿ ಬಲಗಾಲಿನ ಚಪ್ಪಲಿಯೊಳಗೆ ಹಾಕಿಕೊಂಡೆ. ಅದನ್ನು ಮೆಟ್ಟಿಕೊಂಡೇ ಶಾಲೆಗೆ ಹೋದೆ, ಬಂದೆ, ಆಟವನ್ನೂ ಆಡಿದೆ. ಪ್ರತಿ ಹೆಜ್ಜೆಗೂ ತಾತ ಬಸ್ಸಿನ ಬಾಗಿಲಿನ ಹತ್ತಿರ ಹತ್ತಿರ ಸರಿಯುತ್ತಿದ್ದ.

ನಾಲ್ಕನೆಯ ದಿನ ನಾನು ಕುಂಟುವುದು ಅವ್ವನ ಕಣ್ಣಿಗೆ ಬಿತ್ತು. ಅಂಗಾಲು ಎತ್ತಿ ನೋಡಿದಳು. ಕೀವಾಗಿತ್ತು. ಏನು ಎತ್ತ ಎಂದು ಕೇಳಿದಾಗ ಹೆಮ್ಮೆಯಿಂದಲೇ ಹೇಳಿದೆ. ಸಂತರ ಪಟ್ಟಿಗೆ ನನ್ನ ಹೆಸರು ಸೇರಿದ ಹಾಗೆಯೇ ಅಂದುಕೊಂಡಿದ್ದೆ. ಬೆನ್ನಿನ ಮೇಲೆ ಒಂದು ಬಿತ್ತು. ಕಲ್ಲನ್ನು ತೆಗೆದು ಚರಂಡಿಗೆ ಎಸೆದಳು, ಆಸ್ಪತ್ರೆಯ ಟಿಂಕ್ಚರ್ ತಂದು ಕಾಲಿಗೆ ಹಚ್ಚಿದಳು. ನಾನು ಹೋ ಎಂದು ಅತ್ತೆ.

“ನೋವ ಉಡುಕ್ಕಂಡ್ ಓಗ್ಬಾರ್ದು ಕಣ್ಲಾ ಇನ್ನಾಸಿ. ತಾನಾಗೇ ಬಂದುದ್ನ ಒಪ್ಪುಸ್ಬೇಕು, ಅಷ್ಟೇಯ. ವಾಸಿ ಮಾಡ್ಕಳಕೆ ಆಯ್ತದೆ ಅಂದ್ರೆ ಮೊದ್ಲು ವಾಸಿ ಮಾಡ್ಕಬೇಕು” ಎಂದಳು. ತಾತನ ಗತಿ ಏನು ಎಂದು ಕೇಳಿದೆ. ತಾತ ನಿಧಾನಕ್ಕೆ ಬರುತ್ತಾನೆ, ಬದುಕಿದ್ದಾಗಲೂ ಅವನಿಗೆ ಯಾವುದಕ್ಕೂ ಅವಸರ ಇರಲಿಲ್ಲ ಎಂದಳು.

ಇನ್ನಾಸಿ ಎಂದರೆ ಇನ್ನಾಸಪ್ಪ, ನಾನೇ. ಹೆಸರಿನ ಕಾರಣಕ್ಕೂ ಹಣೆಯ ಬೂದಿಯ ಕಾರಣಕ್ಕೂ ಶಾಲೆಯಲ್ಲಿ ತಮಾಷೆಗೆ ಸಿಕ್ಕಿದ್ದು ಕಡಿಮೆಯೇನಲ್ಲ. ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ನಮ್ಮ ತಪಸ್ಸು ಕಾಲ ಬೂದಿ ಬುಧವಾರದಿಂದ ಶುರುವಾಗುತ್ತದೆ. ಅಂದು ಫಾದರ್ ಹಣೆಗೆ ಬೂದಿ ಹಚ್ಚಿ, ನೀನು ಮಣ್ಣು, ಮತ್ತೆ ಮಣ್ಣಿಗೇ ಹೋಗುತ್ತೀಯೆ ಎಂದು ನೆನಪಿಸುತ್ತಾರೆ. ಅದೇ ಹಣೆಯಲ್ಲಿ ಶಾಲೆಗೆ ಹೋದರೆ ಹುಡುಗರೆಲ್ಲ ಸುತ್ತುವರಿದು, ನಮ್ಮ ಜಾತಿಗೆ ಯಾವಾಗ ಬಂದೆಯೋ ಎಂದು ನಗುತ್ತಿದ್ದರು. ಬಚ್ಚಲಿಗೆ ಹೋಗಿ ಒರೆಸಿಕೊಂಡು ಬರುತ್ತಿದ್ದೆ. ಮನುಷ್ಯ ಮಣ್ಣು ಎಂಬುದು ಆಗ ನನಗೆ ಬರೀ ಒರೆಸಿಕೊಳ್ಳುವ ವಿಷಯವಾಗಿತ್ತು.

ದೊಡ್ಡವನಾಗಿ ಫಾರ್ಮಸಿ ಓದಿದೆ, ಅರಕಲಗೂಡಿನಲ್ಲಿ ಅಂಗಡಿ ಇಟ್ಟೆ, ಅವ್ವನನ್ನೂ ಕರೆತಂದೆ. ಅಂಗಡಿಯ ಹಿಂದೆಯೇ ಮನೆ. ನಾನು ಒಪ್ಪಿಸು ಅಂದರೆ ನೀನು ನುಂಗು ಅನ್ನುತ್ತೀಯಲ್ಲ, ಇಬ್ಬರಿಗೂ ಒಂದೇ ಮನೆಯಲ್ಲಿ ಹೇಗೆ ಆಗಿಬರುತ್ತದೆ ಎಂದು ಅವಳು ಚುಡಾಯಿಸುತ್ತಿದ್ದಳು. ಆಗಿಬಂತು. ನನ್ನ ಮದುವೆಯಾಯಿತು. ಹೆಂಡತಿ ಫಿಲೋಮಿನಾಗೂ ಅವ್ವನಿಗೂ ನನಗಿಂತ ಚೆನ್ನಾಗಿ ಹೊಂದಿಕೆಯಾಯಿತು. ಮಗಳು ಹುಟ್ಟಿದಳು, ಜಾನೆಟ್.

ಜಾನು ಶಾಲೆ ಬಿಟ್ಟ ಮೇಲೆ ಅಂಗಡಿಗೆ ಬಂದು ಕೌಂಟರಿನ ಕೆಳಗೆ ಕೂರುತ್ತಿದ್ದಳು. ಖಾಲಿ ಮಾತ್ರೆ ಹಾಳೆಗಳ ಬೆಳ್ಳಿ ಕಾಗದದಿಂದ ಕಿರೀಟ ಮಾಡಿ ಗಿರಾಕಿಗಳಿಗೆ ತೊಡಿಸಲು ನೋಡುತ್ತಿದ್ದಳು. ಒಂಬತ್ತನೆಯ ವರ್ಷದಲ್ಲಿ ಅವಳಿಗೆ ಜ್ವರ ಬಂತು. ಮೊದಲ ಎರಡು ದಿನ ನಾನೇ ಔಷಧಿ ಕೊಟ್ಟೆ. ಮೂರನೆಯ ದಿನ ಹಾಸನಕ್ಕೆ ಕರೆದುಕೊಂಡು ಹೋದೆವು. ಐದನೆಯ ದಿನ ಅವಳು ಇರಲಿಲ್ಲ. ಆ ಮೊದಲ ಎರಡು ದಿನಗಳ ಬಗ್ಗೆ ಡಾಕ್ಟರು ಏನೂ ಅನ್ನಲಿಲ್ಲ. ನಾನು ಇವತ್ತಿಗೂ ಅಂದುಕೊಳ್ಳುತ್ತೇನೆ.

ಮೊದಲ ಹಿಡಿ ಮಣ್ಣು ಹಾಕುವುದು ಅಪ್ಪನಾದ ನನ್ನ ಪಾಲಿಗೆ ಬಂತು. ಬೂದಿ ಬುಧವಾರ ಹಣೆಯಿಂದ ಒರೆಸಿಹಾಕಿದ ಮಾತು ಅಂದು ಅಂಗೈ ತುಂಬ ಇತ್ತು. ಹೊಟ್ಟೆಯಿಂದ ಏನೋ ಎದ್ದು ಗಂಟಲಿಗೆ ಬಂತು, ಬಾಯಿ ತೆರೆದೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಅವ್ವ ನನ್ನ ಮಣಿಕಟ್ಟು ಹಿಡಿದು ಕಿವಿಯ ಹತ್ತಿರ ಹೇಳಿದಳು. “ಅಳಬ್ಯಾಡ ಕಣ್ಲಾ ಮಗಾ. ಒಪ್ಪುಸ್ಬುಡು.”

ಮಾತು ಕೇಳಿ ಬೆಳೆದವನು ನಾನು. ಬಾಯಿ ಮುಚ್ಚಿಕೊಂಡೆ. ಎದ್ದು ಬಂದದ್ದು ವಾಪಸ್ ಹೋಯಿತು, ಪೂರ್ತಿ ಹೋಗಲಿಲ್ಲ. ಅಂದಿನಿಂದ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ. ಹಾಸನಕ್ಕೆ ಹೋಗಿ ಗಂಟಲೊಳಗೆ ಪೈಪು ಇಳಿಸಿಕೊಂಡು ಪರೀಕ್ಷೆ ಮಾಡಿಸಿದೆ. ಏನೂ ಇಲ್ಲ, ಗ್ಯಾಸು ಎಂದರು. ನನ್ನ ಅಂಗಡಿಯ ಗ್ಯಾಸಿನ ಮಾತ್ರೆಗಳಿಗೆ ನಾನೇ ದೊಡ್ಡ ಗಿರಾಕಿಯಾದೆ. ಚರ್ಚಿಗೆ ಹೋಗುವುದು ನಿಂತಿತು. ದೇವರ ಮೇಲೆ ಸಿಟ್ಟು ಎಂದು ಹೇಳಿದರೆ ಅದು ದೊಡ್ಡ ಮಾತಾದೀತು. ಯಾರಾದರೂ ಮತ್ತೆ ಒಪ್ಪಿಸು ಅಂದುಬಿಟ್ಟರೆ ಎಂಬ ಭಯ, ಅಷ್ಟೇ. ಅವ್ವ ಒಂದು ದಿನವೂ ಯಾಕೆ ಎಂದು ಕೇಳಲಿಲ್ಲ. ಒಪ್ಪಿಸು ಎಂಬ ಮಾತನ್ನೂ ಮನೆಯಲ್ಲಿ ಮತ್ತೆ ಆಡಲಿಲ್ಲ.

ಆರು ವರ್ಷ ಕಳೆದ ಮೇಲೆ ಅವ್ವನಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಗೊತ್ತಾಗುವಾಗಲೇ ಬೆನ್ನುಮೂಳೆಗೆ ಇಳಿದಿತ್ತು. ಮನೆಯಲ್ಲೇ ಇಟ್ಟುಕೊಳ್ಳಿ, ನೋವಾಗದ ಹಾಗೆ ನೋಡಿಕೊಳ್ಳಿ ಎಂದು ಡಾಕ್ಟರು ಒಂದು ಸಣ್ಣ ಬಿಳಿ ಮಾತ್ರೆ ಬರೆದುಕೊಟ್ಟರು. ಹೊತ್ತು ತಪ್ಪದೆ ನನ್ನ ಕೈಯಾರೆ ಅವಳ ಬಾಯಿಗೆ ಹಾಕಿ ನೀರು ಕುಡಿಸುತ್ತಿದ್ದೆ. ಅವ್ವ ನರಳುತ್ತಿರಲಿಲ್ಲ. ಮಂಚದ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡು ತುಟಿ ಅಲ್ಲಾಡಿಸುತ್ತಾ ಮಲಗಿರುತ್ತಿದ್ದಳು. ಜಪ ಮಾಡುತ್ತಿದ್ದಾಳೆ ಅಂದುಕೊಂಡೆ. ನೋಡಲು ಬಂದವರಿಗೆಲ್ಲ, ಡೋಸ್ ಸರಿಯಾಗಿ ಕೂತಿದೆ, ನೋವೇ ಇಲ್ಲ ಎಂದು ಹೇಳಿ ಬೀಗುತ್ತಿದ್ದೆ. ಊರಿಗೆಲ್ಲ ಮಾತ್ರೆ ಕೊಡುವವನ ಜಂಬ ಅದು, ಬೇರೇನಲ್ಲ.

ಅವಳ ಮಂಚದ ಪಕ್ಕ ಸ್ಟೂಲಿನ ಮೇಲೆ ಗೇಣುದ್ದದ ಮಾತೆ ಮರಿಯಳ ಸ್ವರೂಪ ಇತ್ತು. ಕೆಲಸ ಬಿಟ್ಟ ದಿನ ಸಿಸ್ಟರುಗಳು ಕೊಟ್ಟದ್ದು. ಸುಣ್ಣದ ಅಚ್ಚಿನ ವಿಗ್ರಹ, ಒಳಗೆ ಟೊಳ್ಳು, ತಳಕ್ಕೆ ಕಾಗದ ಅಂಟಿಸಿದ್ದು. ತಪಸ್ಸು ಕಾಲದ ಕಡೆಯ ಎರಡು ವಾರ ಚರ್ಚಿನಲ್ಲಿ ಸ್ವರೂಪಗಳಿಗೆಲ್ಲ ನೇರಳೆ ಬಟ್ಟೆ ಹೊದಿಸಿ ಮುಚ್ಚುತ್ತಾರೆ, ಪಾಸ್ಕ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ತೆಗೆಯುತ್ತಾರೆ. ಅವ್ವ ಮನೆಯ ಸ್ವರೂಪಕ್ಕೂ ಅದನ್ನು ತಪ್ಪಿಸಿದವಳಲ್ಲ. ಆ ವರ್ಷ ಮಾತ್ರ ಫಿಲೋಮಿನಾ ಬಟ್ಟೆ ತಂದಾಗ, ಬೇಡ, ಮುಟ್ಟಬೇಡ ಎಂದುಬಿಟ್ಟಳು. ಮುಖ ಕಾಣುತ್ತಿರಲಿ ಎಂಬ ಆಸೆಯೇನೋ ಎಂದು ಫಿಲೋಮಿನಾ ಸುಮ್ಮನಾದಳು. ಮಾರನೆಯ ದಿನ ಮನಸ್ಸು ತಡೆಯದೆ, ಅವ್ವನಿಗೆ ಜೊಂಪು ಹತ್ತಿದ್ದಾಗ, ಬಟ್ಟೆ ಸುತ್ತಲು ಸ್ವರೂಪವನ್ನು ಎತ್ತಿದಳು. ತಳದ ಕಾಗದ ಹರಿದಿತ್ತು. ಬಿಳಿ ಮಾತ್ರೆಗಳು ಒಂದೊಂದಾಗಿ ನೆಲಕ್ಕೆ ಉದುರಿದವು. ಕೆಲವು ಎಂಜಲು ಒಣಗಿ ಒಂದಕ್ಕೊಂದು ಅಂಟಿಕೊಂಡಿದ್ದವು.

ಫಿಲೋಮಿನಾ ಅವನ್ನು ಸೆರಗಿನಲ್ಲಿ ಹಿಡಿದುಕೊಂಡು ಅಂಗಡಿಗೆ ಬಂದಳು. ನಾನು ಅವನ್ನು ನೋಡಿದೆ. ನನ್ನ ಅಂಗಡಿಯ ಅಷ್ಟೂ ಕಪಾಟುಗಳು ಸುತ್ತ ನಿಂತು ನನ್ನನ್ನು ನೋಡುತ್ತಿದ್ದವು.

ಸಿಟ್ಟು ಬಂತು. ನೋವನ್ನು ಒಪ್ಪಿಸಿ ನನ್ನನ್ನು ಚರ್ಚಿಗೆ ಎಳೆಯಲು ಅವ್ವ ಹೂಡಿದ ಹಟ ಇದು ಎಂದೇ ತಿಳಿದೆ. ಆರು ವರ್ಷ ನಾನು ಮುಖ ತೋರಿಸದಿದ್ದ ಫಾದರಿಗೆ ಫೋನು ಮಾಡಿ, ಬಂದು ನಮ್ಮವ್ವನಿಗೆ ಬುದ್ಧಿ ಹೇಳಿ ಎಂದೆ. ಎಳೆಯ ವಯಸ್ಸಿನವರು, ಅಂದೇ ಬಂದರು. ಅವ್ವ ಅವರಿಗೂ ಸೋಲಲಿಲ್ಲ. ಶಿಲುಬೆಗೆ ಏರಿಸುವ ಮೊದಲು ನೋವು ತಿಳಿಯದಿರಲಿ ಎಂದು ಏನೋ ಬೆರೆಸಿದ ದ್ರಾಕ್ಷಾರಸ ಕೊಟ್ಟರಲ್ಲ, ಪ್ರಭು ಅದನ್ನು ಕುಡಿದನೇ ಎಂದು ಕೇಳಿದಳು. ಫಾದರ್ ಮಂಚದ ಹತ್ತಿರ ಬಗ್ಗಿದರು.

“ಅದನ್ನ ಕುಡೀಲಿಲ್ಲ ಅಜ್ಜಿ. ಆದರೆ ಆಮೇಲೆ ಬಾಯಾರಿಕೆ ಅಂತ ಅವರೇ ಬಾಯಿಬಿಟ್ಟು ಹೇಳಿದ್ರು. ಯಾರೋ ಹುಳಿ ದ್ರಾಕ್ಷಾರಸದಲ್ಲಿ ಸ್ಪಂಜು ಅದ್ದಿ ಕೊಟ್ಟಿದ್ದನ್ನ ತಗೊಂಡ್ರು. ದೇವರ ಮಗ ಮನುಷ್ಯ ಆದ ಅಂತೀವಲ್ಲ, ಮನುಷ್ಯ ಆಗೋದ್ರಲ್ಲಿ ಅದೂ ಸೇರಿದೆ” ಎಂದರು.

ಅವ್ವ ಕಣ್ಣು ಮುಚ್ಚಿಕೊಂಡಳು. ಫಾದರ್ ಹೊರಟ ಮೇಲೂ ಮಾತ್ರೆ ಬೇಡವೆಂದು ತಲೆ ಆಡಿಸಿದಳು. ನಾನು ಮಂಚದ ಪಕ್ಕ ನೆಲದ ಮೇಲೆ ಕುಳಿತೆ. ಮಧ್ಯಾಹ್ನದ ಬಿಸಿಲು ಅವಳ ಕಾಲಿನ ಮೇಲೆ ಬಿದ್ದಿತ್ತು. ಎಷ್ಟು ಸಣ್ಣಗಾಗಿತ್ತು ಆ ಕಾಲು. ಅದನ್ನು ನೋಡುತ್ತಾ ನನ್ನ ಅಂಗಾಲು ನೆನಪಾಯಿತು.

“ಅವ್ವ, ತಾತಂಗೆ ಅಂತ ಚಪ್ಲಿ ಒಳ್ಗೆ ಕಲ್ಲು ಇಕ್ಕೊಂಡಿದ್ನಲ್ಲ, ಜ್ಞಾಪ್ಕ ಐತಾ? ಅವತ್ತು ಬೆನ್ನಿಗೆ ಗುದ್ದಿ ಏನಂದೆ ನಂಗೆ?”

ತುಟಿಯ ತುದಿಯಲ್ಲಿ ನಗು ಬಂದು ಹೋಯಿತು. ನಾನು ಅಂಗೈಯಲ್ಲಿದ್ದ ಮಾತ್ರೆ ತೋರಿಸಿ, ನೀನು ಬಚ್ಚಿಟ್ಟದ್ದೂ ಅದೇ ಕಲ್ಲೇ ಅಲ್ಲವೇ ಎಂದೆ. ನಾನು ಚರ್ಚಿಗೆ ಬರಬೇಕು ಅಂತ ತಾನೇ ಇಷ್ಟೆಲ್ಲ, ಬರುತ್ತೇನೆ, ಈ ಭಾನುವಾರವೇ ಬರುತ್ತೇನೆ, ನುಂಗು ಎಂದೆ.

ಅವ್ವ ನನ್ನ ಕಡೆ ತಿರುಗಿದಳು. ತಿರುಗುವುದಕ್ಕೇ ಬಹಳ ಹೊತ್ತು ಹಿಡಿಯಿತು.

“ಚರ್ಚಿಗ್ ಬರೋದು ಬುಡೋದು ನಿಂಗೂ ದ್ಯಾವ್ರಿಗೂ ಬುಟ್ಟಿದ್ದು ಕಣ್ಲಾ. ನಾನ್ ಕೇಳ್ಕಂಡಿದ್ದು ಅದಲ್ಲ. ಆ ಕೂಸ್ನ ಮಣ್ಗಿಕ್ಕೋ ದಿನ ನಿನ್ ಬಾಯ್ ಕಟ್ಟಾಕ್ಬುಟ್ಟೆ ನಾನು. ಊರೋರ ಮಕ್ಳಿಗೆಲ್ಲ ಕಿರುಚ್ಕಳಿ ಅಂತಿದ್ದೋಳು, ನನ್ ಮಗುಂಗೆ ಅಳಬ್ಯಾಡ ಅಂದೆ. ತನ್ ಗೆಣೆಕಾರ ಸತ್ತಾಗ ಗೋರಿ ಮುಂದೆ ಪ್ರಭುನೇ ಅತ್ತ. ನಾನ್ಯಾವ ದೊಡ್ಡೋಳು ಬ್ಯಾಡ ಅನ್ನಕೆ? ಆವತ್ನಿಂದ ನೀನು ಅತ್ತಿಲ್ಲ. ಅದ್ಕೆಯ, ನನ್ ಮಗ ಒಂದ್ ದಪ ಅತ್ತುಬುಡ್ಲಿ ತಂದೆ ಅಂತ ಒಪ್ಪುಸ್ತಿದ್ದೆ. ಅಷ್ಟೇಯ ನಾನ್ ಕೇಳ್ಕಂಡಿದ್ದು.”

ಇಷ್ಟು ಹೇಳುವುದಕ್ಕೆ ಅವಳು ಎಷ್ಟು ಸಲ ಉಸಿರು ತೆಗೆದುಕೊಂಡಳೋ.

ಏನಾದರೂ ಹೇಳಬೇಕು ಅಂತ ಬಾಯಿ ತೆರೆದೆ. ಮಾತು ಬರಲಿಲ್ಲ, ಆರು ವರ್ಷದಿಂದ ಗಂಟಲಲ್ಲಿದ್ದದ್ದು ಬಂತು. ಸಿನಿಮಾದಲ್ಲಿ ಗಂಡಸರು ಅಳುವ ಹಾಗೆ ಒಂದು ಹನಿ ಕೆನ್ನೆಯ ಮೇಲೆ ಜಾರಿತು ಅಂದುಕೊಳ್ಳಬೇಡಿ. ಮೂಗು ಸುರಿಯಿತು, ಬಿಕ್ಕಳಿಕೆ ಬಂತು, ಕರು ಕೂಗಿದ ಹಾಗೆ ಕೂಗಿದೆ. ಜಾನು ಜಾನು ಎಂದೆ. ಆ ಎರಡು ದಿನ, ಆ ಎರಡು ದಿನ ಎಂದೆ. ಫಿಲೋಮಿನಾ ಅಡುಗೆಮನೆಯಿಂದ ಓಡಿ ಬಂದವಳು ಬಾಗಿಲಲ್ಲೇ ಕುಸಿದು ಕೂತು ತಾನೂ ಅಳತೊಡಗಿದಳು. ಅವ್ವನ ಕೈ ನನ್ನ ತಲೆಯ ಮೇಲೆ ಬಂತು.

“ಕಿರುಚ್ಲಾ, ಕಿರುಚು” ಎಂದಳು. “ಯಾರೂ ಏನೂ ಅನ್ಕಳಲ್ಲ.”

ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಬಿಸಿಲು ಮಂಚದಿಂದ ಇಳಿದು ಗೋಡೆಗೆ ಹೋಗಿತ್ತು. ನಾನು ಪಂಚೆಯ ಚುಂಗಿನಲ್ಲಿ ಮುಖ ಒರೆಸಿಕೊಳ್ಳುವ ತನಕ ಅವಳು ಕಾದಳು. ಆಮೇಲೆ, ಆಸ್ಪತ್ರೆಯಲ್ಲಿ ಕೆಲಸ ಮುಗಿಸಿ ಬಂದು ಕಾಫಿ ಕೇಳುತ್ತಿದ್ದ ದನಿಯಲ್ಲೇ ಹೇಳಿದಳು. “ಊಂ. ಈಗ ಕೊಡು ಮಾತ್ರೆ. ಬೋ ನೋವಾಯ್ತದೆ.”

ಆ ದಿನದಿಂದ ಅವ್ವ ನೋವಾದರೆ ಕೂಗಿದಳು. ಕೂಗಿದಾಗ ಕೊಟ್ಟೆ, ನುಂಗಿದಳು, ನಿದ್ದೆ ಮಾಡಿದಳು. ಪಾಸ್ಕ ಹಬ್ಬಕ್ಕೆ ಸ್ವರೂಪದ ಬಟ್ಟೆ ತೆಗೆದೆವು. ತಳಕ್ಕೆ ಹೊಸ ಕಾಗದವನ್ನು ಫಿಲೋಮಿನಾ ತಾನೇ ಅಂಟಿಸಿದಳು. ಮುಂಗಾರು ಹಿಡಿಯುವ ಮೊದಲು ಅವ್ವ ಹೋದಳು. ಅವಳಿಗೆ ಮೊದಲ ಹಿಡಿ ಮಣ್ಣು ಹಾಕಿದವನೂ ನಾನೇ. ಅಂದು ನಾನು ಅತ್ತ ರೀತಿಗೆ ಬಂದವರೆಲ್ಲ ಗಾಬರಿಯಾದರಂತೆ. ಯಾರೋ ಸಮಾಧಾನ ಮಾಡಲು ಬಂದರು. ಫಿಲೋಮಿನಾ ಅವರನ್ನು ತಡೆದು, ಬಿಡಿ, ಅಳಲಿ ಎಂದಳಂತೆ. ಚರ್ಚಿಗೆ ಈಗ ಆಗಾಗ ಹೋಗುತ್ತೇನೆ, ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ನೋವು ಯಾಕಿದೆ ಎಂಬುದು ನನಗೆ ಇನ್ನೂ ಗೊತ್ತಾಗಿಲ್ಲ. ಜಾನುವಿನ ಸಾವನ್ನು ಇವತ್ತಿಗೂ ಒಪ್ಪಿಸಿಲ್ಲ, ಒಪ್ಪಿಸುವುದೂ ಇಲ್ಲ. ಅದು ನನ್ನ ಹತ್ತಿರವೇ ಇರಲಿ ಎಂದು ಹೇಳಿದ್ದೇನೆ. ಕೇಳಿಸಿಕೊಂಡವನು ಬೈದಿಲ್ಲ.

ನಿಂಗೇಗೌಡರು ಮುಂದಿನ ತಿಂಗಳು ಮಾತ್ರೆಗೆ ಮತ್ತೆ ಬರುತ್ತಾರೆ. ಯಾರಿಗೆ ಒಪ್ಪಿಸಿದಿರಿ ಎಂದು ಕೇಳಿದರೆ, ನಿಮ್ಮ ಮನೆಯವರ ಮಂಡಿಗೆ ಎಂದು ಹೇಳುವುದೆಂದು ಮೊನ್ನೆ ಸ್ಟೂಲಿನ ಮೇಲೆ ಕುಳಿತು ತೀರ್ಮಾನ ಮಾಡಿದೆ. ಅವರು ನಕ್ಕರೂ ನಗಲಿ. ಬೆರಳಿನ ಉಗುರು ಆಗಲೇ ಕಪ್ಪಾಗುತ್ತಿತ್ತು. ಅರ್ಧ ಇಳಿದ ಶಟರಿನ ಹಿಂದೆ, ಯಾರೂ ಇಲ್ಲದ ಅಂಗಡಿಯಲ್ಲಿ, ಅಯ್ಯೋ ಅವ್ವಾ ಎಂದು ಒಂದು ಸಲ ಗಟ್ಟಿಯಾಗಿ ಕೂಗಿಕೊಂಡೆ. ಆಮೇಲೆ ಎದ್ದು ಡಬ್ಬಿಯಿಂದ ಒಂದು ನೋವಿನ ಮಾತ್ರೆ ತೆಗೆದು ನುಂಗಿದೆ.